ಗೇರಿಲ್ಲದ ಗಾಡಿಗೂ ಗಮನ ಬೇಕು

ಸ್ಕೂಟರ್ ಓಡಿಸುವುದು ಕಲಿತು ಮಾಡಬೇಕಾದ ಕೆಲಸ ಎಂದು ಈಗ ಹೆಚ್ಚಿನವರು ಅಂದುಕೊಳ್ಳುವುದಿಲ್ಲ. ಕೀ ತಿರುಗಿಸಿ, ಬ್ರೇಕ್ ಹಿಡಿದು, ಹೆಬ್ಬೆರಳಲ್ಲಿ ಸ್ವಿಚ್ ಒತ್ತಿದರೆ ಎಂಜಿನ್ ಶುರು. ಬಲಗೈ ಸ್ವಲ್ಪ ತಿರುವಿದರೆ ಗಾಡಿ ಹೊರಟಿತು. ಕ್ಲಚ್ಚಿಲ್ಲ, ಗೇರಿಲ್ಲ, ಕಾಲಿಗೆ ಕೆಲಸವಿಲ್ಲ. ಸೈಕಲ್ ತುಳಿದು ಗೊತ್ತಿರುವವರಿಗೆ ಒಂದು ಸಂಜೆಯ ಅಭ್ಯಾಸ ಸಾಕಾಗುತ್ತದೆ. ಮಕ್ಕಳನ್ನು ಶಾಲೆಗೆ ಬಿಡುವ ತಾಯಂದಿರು, ಹಳ್ಳಿಯಿಂದ ಹಳ್ಳಿಗೆ ಓಡಾಡುವ ಆಶಾ ಕಾರ್ಯಕರ್ತೆಯರು, ಡೈರಿಗೆ ಹಾಲು ಹಾಕುವವರು, ನಿವೃತ್ತಿಯಾದ ಮೇಷ್ಟ್ರುಗಳು ಎಲ್ಲರೂ ಇನ್ನೊಬ್ಬರ ಹಂಗಿಲ್ಲದೆ ತಮ್ಮ ಕೆಲಸ ತಾವು ಮಾಡಿಕೊಂಡು ಬರುವುದು ಈ ಸುಲಭತನದಿಂದಲೇ. ಅದನ್ನು ಹಳಿಯುವುದು ನನ್ನ ಉದ್ದೇಶವಲ್ಲ. ನಾನು ಹೇಳಬೇಕೆಂದಿರುವುದು ಇಷ್ಟೇ: ಗಾಡಿ ಓಡಿಸುವುದು ಸುಲಭವಾಯಿತೇ ಹೊರತು ಗಾಡಿಯೊಳಗಿನ ಯಂತ್ರ ಸರಳವಾಗಲಿಲ್ಲ. ಅದು ಕಣ್ಣಿಗೆ ಬೀಳದಂತಾಯಿತು, ಅಷ್ಟೆ. ಹಿಂದಿನ ಸ್ಕೂಟರ್ ತನಗೆ ಬೇಕಾದ ಗಮನವನ್ನು ಸವಾರನಿಂದ ಹಟಮಾಡಿ ವಸೂಲಿ ಮಾಡುತ್ತಿತ್ತು. ಇಂದಿನದು ಏನನ್ನೂ ಕೇಳುವುದಿಲ್ಲ, ಹಾಗಾಗಿ ನಾವೂ ಕೊಡುವುದಿಲ್ಲ. ಎಂಜಿನ್ ಕೆಡುವುದರ ಹಿಂದೆಯೂ ಸವಾರರು ಬೀಳುವುದರ ಹಿಂದೆಯೂ ಬಹುಪಾಲು ಈ ಒಂದೇ ಅಲಕ್ಷ್ಯ ಇದೆ. ಆದ್ದರಿಂದ ಸುರಕ್ಷಿತ ಸವಾರಿ ಒಂದು ವಿಷಯ, ಎಂಜಿನ್ ನಿರ್ವಹಣೆ ಇನ್ನೊಂದು ವಿಷಯ ಎಂದು ನಾನು ಬೇರೆ ಮಾಡುವುದಿಲ್ಲ.

ಯಂತ್ರವನ್ನು ಸವಾರನ ಕಣ್ಣಿಂದ ಮರೆ ಮಾಡುವುದು ಸ್ಕೂಟರ್ ಹುಟ್ಟಿದಾಗಿನಿಂದಲೂ ಇರುವ ಉದ್ದೇಶವೇ. ಎರಡನೇ ಮಹಾಯುದ್ಧ ಮುಗಿದ ಮರುವರ್ಷ, 1946ರಲ್ಲಿ, ಇಟಲಿಯ ಪಿಯಾಜಿಯೊ ಕಂಪನಿ ವೆಸ್ಪಾ ಹೊರತಂದಿತು. ಅದರ ವಿನ್ಯಾಸಕಾರ ಕೊರಾಡಿನೊ ದಾಸ್ಕಾನಿಯೊ ಮೂಲತಃ ವಿಮಾನ, ಹೆಲಿಕಾಪ್ಟರುಗಳ ಎಂಜಿನಿಯರು. ಮೋಟಾರ್ ಸೈಕಲ್ಲಿನ ಎಣ್ಣೆ, ಚೈನು, ಕೊಳೆ ಅವನಿಗೆ ಹಿಡಿಸುತ್ತಿರಲಿಲ್ಲ. ಎಂಜಿನ್ನನ್ನು ಹಿಂದಿನ ಚಕ್ರದ ಪಕ್ಕಕ್ಕೆ ತಳ್ಳಿ, ಮೇಲೊಂದು ತಗಡಿನ ಮುಚ್ಚಳ ಹಾಕಿ, ಕಾಲಿಡಲು ಮುಂದೆ ಸಪಾಟಾದ ಜಾಗ ಬಿಟ್ಟ. ಬಟ್ಟೆ ಕೊಳೆಯಾಗದೆ, ಕಾಲು ಎತ್ತಿ ಹಾಕದೆ ಕೂತು ಹೋಗಬಹುದಾದ ಗಾಡಿ ಹೀಗೆ ಬಂತು. ನಮ್ಮ ದೇಶದಲ್ಲಿ ಲ್ಯಾಂಬ್ರೆಟಾ, ವೆಸ್ಪಾಗಳ ಹಿಂದೆಯೇ 1972ರಲ್ಲಿ ಬಜಾಜ್ ಚೇತಕ್ ಬಂತು. ಹೆಸರು ಬರೆಸಿ ವರ್ಷಗಟ್ಟಲೆ ಕಾದು ಅದನ್ನು ಕೊಂಡವರ ತಲೆಮಾರು ಇನ್ನೂ ನಮ್ಮ ನಡುವೆ ಇದೆ. ಆ ಗಾಡಿಯಲ್ಲಿ ಪೆಟ್ರೋಲ್ ಜೊತೆಗೆ ಎಣ್ಣೆ ಬೆರೆಸಿಯೇ ಹಾಕಿಸಬೇಕಿತ್ತು. ಬೆಳಿಗ್ಗೆ ಶುರುವಾಗದಿದ್ದರೆ ಒಂದು ಕಡೆಗೆ ಬಾಗಿಸಿ ಕಿಕ್ ಹೊಡೆಯಬೇಕು. ಆಗಲೂ ಮೊಂಡು ಹಿಡಿದರೆ ಪ್ಲಗ್ ಬಿಚ್ಚಿ ಉಪ್ಪುಕಾಗದದಲ್ಲಿ ಉಜ್ಜಬೇಕು. ಪ್ಲಗ್ ಸ್ಪ್ಯಾನರ್ ಇಲ್ಲದೆ ಊರಾಚೆ ಹೊರಟವನನ್ನು ಜನ ಹುಂಬ ಎನ್ನುತ್ತಿದ್ದರು. ಹೀಗೆ ಇಷ್ಟವಿರಲಿ ಇಲ್ಲದಿರಲಿ, ಸವಾರನಿಗೆ ತನ್ನ ಎಂಜಿನ್ನಿನ ಪರಿಚಯ ಆಗಿಯೇ ಆಗುತ್ತಿತ್ತು.

ಹಾಗೆಂದು ಆ ಕಾಲವೇ ಚೆನ್ನಾಗಿತ್ತು ಎನ್ನುವುದು ಸರಿಯಲ್ಲ. ಎಂಜಿನ್ನಿನ ಭಾರವೆಲ್ಲ ಬಲಗಡೆಗೇ ಇದ್ದ ವೆಸ್ಪಾ, ಚೇತಕ್ ಗಾಡಿಗಳು ಮಳೆಯಲ್ಲಿ ಜಾರಿದರೆ ಹಿಡಿತಕ್ಕೆ ಸಿಗುವುದು ಕಷ್ಟವಿತ್ತು. ಬ್ರೇಕು ಮಂದ, ದೀಪ ಮಂಕು, ಹೊಗೆಯಂತೂ ಹೇಳತೀರದು. 1980ರ ದಶಕದಲ್ಲಿ ಗೇರಿಲ್ಲದ ಕೈನೆಟಿಕ್ ಹೋಂಡಾ, 2001ರಲ್ಲಿ ಆಕ್ಟಿವಾ ಬಂದ ಮೇಲೆ ದಾರಿ ಬದಲಾಯಿತು. ಇಂದು ಆಕ್ಟಿವಾ ತಯಾರಾಗುವ ಕಾರ್ಖಾನೆಗಳಲ್ಲಿ ಒಂದು ನಮ್ಮದೇ ಕೋಲಾರ ಜಿಲ್ಲೆಯ ನರಸಾಪುರದಲ್ಲಿದೆ. 2020ರ ಏಪ್ರಿಲ್‌ನಿಂದ ಹೊಗೆ ನಿಯಂತ್ರಣದ ಬಿಎಸ್-6 ನಿಯಮ ಜಾರಿಯಾಗಿ, ಕಾರ್ಬ್ಯುರೇಟರ್ ಇದ್ದ ಜಾಗಕ್ಕೆ ಫ್ಯುಯೆಲ್ ಇಂಜೆಕ್ಷನ್ ಬಂತು. ಚೋಕ್ ಎಳೆಯುವ ಕೆಲಸವೂ ಹೋಯಿತು. ಇವೆಲ್ಲ ನಿಜವಾದ ಸುಧಾರಣೆಗಳು. ನನ್ನ ತಕರಾರು ಗಾಡಿಯ ಮೇಲಲ್ಲ. ಗಾಡಿ ಸುಧಾರಿಸಿದಷ್ಟೂ ನಾವು ಗಮನ ಕಡಿಮೆ ಮಾಡಬಹುದು ಎಂದು ತಿಳಿದುಕೊಂಡಿದ್ದೇವಲ್ಲ, ಆ ತಿಳಿವಳಿಕೆಯ ಮೇಲೆ.

ಎಂಜಿನ್ ಎಣ್ಣೆಯನ್ನೇ ನೋಡೋಣ. ಹಳೆಯ ಟೂ-ಸ್ಟ್ರೋಕ್ ಎಂಜಿನ್ನಿಗೆ ಪೆಟ್ರೋಲ್ ಹಾಕಿಸಿದಾಗಲೆಲ್ಲ ಹೊಸ ಎಣ್ಣೆಯೂ ಸಿಗುತ್ತಿತ್ತು. ಫೋರ್-ಸ್ಟ್ರೋಕ್ ಎಂಜಿನ್ನಿಗೆ ಆ ಭಾಗ್ಯವಿಲ್ಲ. ಅದರ ತಳದಲ್ಲಿ ಒಮ್ಮೆ ತುಂಬಿದ ಎಣ್ಣೆಯೇ ತಿಂಗಳುಗಟ್ಟಲೆ ಸುತ್ತುತ್ತಿರಬೇಕು. ಎಷ್ಟು ಎಣ್ಣೆ? ಸಾಧಾರಣ 110 ಸಿಸಿ ಸ್ಕೂಟರಿನಲ್ಲಿ ಒಂದು ಲೀಟರ್ ಕೂಡ ಇಲ್ಲ, ಮುಕ್ಕಾಲು ಲೀಟರಿನ ಆಸುಪಾಸು. ಎಂಜಿನ್ ನಿಮಿಷಕ್ಕೆ ಆರು ಸಾವಿರ ಸುತ್ತು ತಿರುಗುತ್ತಿದ್ದರೆ ಪಿಸ್ಟನ್ ಸೆಕೆಂಡಿಗೆ ನೂರು ಬಾರಿ ಮೇಲೆ ಕೆಳಗೆ ಆಡುತ್ತದೆ. ಲೋಹಕ್ಕೆ ಲೋಹ ತಾಗದಂತೆ ನಡುವೆ ನಿಲ್ಲುವುದು ಈ ಎಣ್ಣೆಯ ತೆಳ್ಳನೆಯ ಪದರ ಮಾತ್ರ. ಜೊತೆಗೆ ಪಿಸ್ಟನ್ನಿನ ಬಿಸಿಯನ್ನು ಹೊತ್ತು ತರುವುದು, ಸವೆದ ಲೋಹದ ಪುಡಿಯನ್ನೂ ಮಸಿಯನ್ನೂ ತನ್ನೊಳಗೆ ಇಟ್ಟುಕೊಳ್ಳುವುದು ಕೂಡ ಅದರದೇ ಕೆಲಸ. ಹಲವು ಚಿಕ್ಕ ಸ್ಕೂಟರುಗಳಲ್ಲಿ ಕಾರಿನಲ್ಲಿರುವಂಥ ಎಣ್ಣೆ ಫಿಲ್ಟರ್ ಇರುವುದಿಲ್ಲ, ಒಂದು ಸಣ್ಣ ಜಾಲರಿ ಇರುತ್ತದೆ, ಅಷ್ಟೆ. ಎಣ್ಣೆ ಕಡಿಮೆಯಾದರೆ ಎಚ್ಚರಿಸುವ ದೀಪವೂ ಬಹುತೇಕ ಗಾಡಿಗಳಲ್ಲಿ ಇಲ್ಲ. ಇನ್ನೂರು ಮಿಲಿ ಎಣ್ಣೆ ಉರಿದೋ ಸೋರಿಯೋ ಹೋದರೆ ಕಾಲು ಭಾಗಕ್ಕಿಂತ ಹೆಚ್ಚೇ ಹೋದಂತೆ. ಸವಾರರಿಗೆ ಏನೂ ಗೊತ್ತಾಗುವುದಿಲ್ಲ. ಗೊತ್ತಾಗುವ ಹೊತ್ತಿಗೆ ಸಿಲಿಂಡರಿನೊಳಗೆ ಗೀರು ಬಿದ್ದಿರುತ್ತದೆ.

"ನಮ್ಮ ಗಾಡಿ ಓಡುವುದೇ ಅಪರೂಪ, ದಿನಕ್ಕೆ ಮೂರು ಕಿಲೋಮೀಟರ್, ಅದಕ್ಕೆ ಯಾಕೆ ಪದೇ ಪದೇ ಎಣ್ಣೆ ಬದಲಾಯಿಸಬೇಕು?" ಎಂದು ಕೇಳುವವರಿದ್ದಾರೆ. ಕಡಿಮೆ ಓಡಿದರೆ ಕಡಿಮೆ ಸವೆಯುತ್ತದೆ ಎನ್ನುವುದು ಮೇಲ್ನೋಟಕ್ಕೆ ಸರಿ. ಆದರೆ ಎಂಜಿನ್ನಿನ ಒಳಗೆ ನಡೆಯುವುದು ಬೇರೆ. ಪೆಟ್ರೋಲ್ ಉರಿದಾಗ ಹೊಗೆಯ ಜೊತೆ ನೀರಾವಿಯೂ ಹುಟ್ಟುತ್ತದೆ. ಎಂಜಿನ್ ಇನ್ನೂ ತಣ್ಣಗಿರುವಾಗ ಅದರಲ್ಲಿ ಸ್ವಲ್ಪ ಭಾಗ, ಉರಿಯದೆ ಉಳಿದ ಪೆಟ್ರೋಲಿನ ಅಂಶದ ಜೊತೆ, ಪಿಸ್ಟನ್ ರಿಂಗುಗಳ ಸಂದಿನಿಂದ ಕೆಳಗಿಳಿದು ಎಣ್ಣೆಗೆ ಸೇರುತ್ತದೆ. ಹತ್ತು ಹದಿನೈದು ಕಿಲೋಮೀಟರ್ ಒಂದೇ ಸಮ ಓಡಿದರೆ ಎಣ್ಣೆ ಕಾದು ಆ ನೀರು ಆವಿಯಾಗಿ ಹೊರಹೋಗುತ್ತದೆ. ತರಕಾರಿ ಅಂಗಡಿಗೆ ಹೋಗಿ ಬರುವಷ್ಟರಲ್ಲಿ ಎಂಜಿನ್ ಅಷ್ಟು ಕಾಯುವುದೇ ಇಲ್ಲ, ನೀರು ಒಳಗೇ ಉಳಿಯುತ್ತದೆ. ಆದ್ದರಿಂದ ದಿನಕ್ಕೆ ಮೂರು ಕಿಲೋಮೀಟರ್ ಓಡುವ ಗಾಡಿಯ ಎಣ್ಣೆ, ದಿನಕ್ಕೆ ಮೂವತ್ತು ಓಡುವ ಗಾಡಿಯದಕ್ಕಿಂತ ಕಡಿಮೆ ದೂರದಲ್ಲೇ ಹಾಳಾಗುತ್ತದೆ. ಕಂಪನಿಯ ಕೈಪಿಡಿ ಇಷ್ಟು ಕಿಲೋಮೀಟರ್ ಅಥವಾ ಇಷ್ಟು ತಿಂಗಳು, ಯಾವುದು ಮೊದಲೋ ಅದು ಎಂದು ಬರೆದಿರುವುದು ಇದಕ್ಕಾಗಿ. ಮನೆಯ ಆಸುಪಾಸಿನಲ್ಲೇ ಓಡಿಸುವವರು ತಿಂಗಳ ಲೆಕ್ಕ ಹಿಡಿಯಬೇಕು; ಮೀಟರ್ ಏನು ತೋರಿಸುತ್ತಿದೆ ಎಂಬುದು ಅವರಿಗೆ ಮುಖ್ಯವಲ್ಲ.

ಎಣ್ಣೆ ನೋಡುವುದು ಎರಡು ನಿಮಿಷದ ಕೆಲಸ, ಆದರೂ ಹೆಚ್ಚಿನವರು ತಪ್ಪು ಮಾಡುವುದು ಇಲ್ಲೇ. ಗಾಡಿಯನ್ನು ಸಮನೆಲದ ಮೇಲೆ ಡಬಲ್ ಸ್ಟ್ಯಾಂಡ್ ಹಾಕಿ ನಿಲ್ಲಿಸಬೇಕು. ಸೈಡ್ ಸ್ಟ್ಯಾಂಡಿನಲ್ಲಿ ವಾಲಿ ನಿಂತ ಗಾಡಿ ಸುಳ್ಳು ಅಳತೆ ಕೊಡುತ್ತದೆ. ಎಂಜಿನ್ ಮೂರು ನಾಲ್ಕು ನಿಮಿಷ ಓಡಿಸಿ ಆರಿಸಿ, ಎಣ್ಣೆ ಕೆಳಗಿಳಿಯಲು ಎರಡು ಮೂರು ನಿಮಿಷ ಬಿಡಬೇಕು. ಆಮೇಲೆ ಎಣ್ಣೆಯ ಮುಚ್ಚಳ ತಿರುಗಿಸಿ ತೆಗೆದರೆ ಅದರ ತುದಿಗೆ ಕಡ್ಡಿಯೊಂದು ಅಂಟಿಕೊಂಡಿರುತ್ತದೆ, ಕಡ್ಡಿಯ ಮೇಲೆ ಎರಡು ಗುರುತು. ಬಟ್ಟೆಯಲ್ಲಿ ಒರೆಸಿ ಮತ್ತೆ ಇಳಿಸಿ ನೋಡಬೇಕು. ಹಲವು ಗಾಡಿಗಳಲ್ಲಿ ಹೀಗೆ ಇಳಿಸುವಾಗ ಮುಚ್ಚಳವನ್ನು ತಿರುಗಿಸಿ ಬಿಗಿ ಮಾಡಬಾರದು, ಸುಮ್ಮನೆ ಕೂರಿಸಬೇಕು. ಎಣ್ಣೆಯ ಗೆರೆ ಎರಡು ಗುರುತುಗಳ ನಡುವೆ, ಮೇಲಿನದರ ಹತ್ತಿರ ಇದ್ದರೆ ಸಾಕು. ಮೇಲಿನ ಗುರುತು ದಾಟಿಸಿ ತುಂಬುವುದೂ ಕೆಡುಕೇ. ಹೆಚ್ಚಾದ ಎಣ್ಣೆ ಗಾಳಿಕೊಳವೆಯ ಮೂಲಕ ಏರ್ ಫಿಲ್ಟರಿಗೆ ಹೋಗಿ ಸೇರುತ್ತದೆ. ಎಣ್ಣೆ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ನೀರು ಬೆರೆತಿದೆ ಎಂದು ತಿಳಿಯಬೇಕು. ಬೈಕಿಗೆ ತಂದು ಉಳಿದ ಎಣ್ಣೆಯನ್ನು ಸ್ಕೂಟರಿಗೆ ಹಾಕುವ ಪದ್ಧತಿಯೂ ಇದೆ. ಬೈಕಿನ ಕ್ಲಚ್ಚು ಎಣ್ಣೆಯಲ್ಲೇ ಮುಳುಗಿ ಕೆಲಸ ಮಾಡುವುದರಿಂದ ಅದರ ಎಣ್ಣೆ ತೀರಾ ಜಾರುವಂತಿರಬಾರದು. ಅದಕ್ಕೆ ಎಂಎ ಎಂಬ ದರ್ಜೆ. ಸ್ಕೂಟರಿನ ಕ್ಲಚ್ಚು ಒಣ ಕ್ಲಚ್ಚು, ಅದಕ್ಕೆ ಎಂಬಿ ದರ್ಜೆಯ ಎಣ್ಣೆ. ಡಬ್ಬಿಯ ಮೇಲೆ ಇದು ಅಚ್ಚಾಗಿರುತ್ತದೆ. ಸ್ಕೂಟರಿಗೆ ಬೈಕಿನ ಎಣ್ಣೆ ಬಿದ್ದರೆ ಮೈಲೇಜಿನಲ್ಲಿ ಸ್ವಲ್ಪ ಕಡಿಮೆಯಾದೀತು. ಬೈಕಿಗೆ ಸ್ಕೂಟರಿನ ಎಣ್ಣೆ ಹಾಕಿದರೆ ಕ್ಲಚ್ಚೇ ಜಾರುತ್ತದೆ.

ಹಿಂದಿನ ಚಕ್ರದ ಹತ್ತಿರ ಇನ್ನೊಂದು ಎಣ್ಣೆ ಇದೆ. ಅದರ ಹೆಸರೇ ಎಷ್ಟೋ ಜನ ಕೇಳಿರುವುದಿಲ್ಲ. ಗೇರಿಲ್ಲದ ಗಾಡಿ ಎನ್ನುತ್ತೇವಾದರೂ ಹಿಂಚಕ್ರಕ್ಕೆ ಶಕ್ತಿ ತಲುಪಿಸುವಲ್ಲಿ ಹಲ್ಲಿನ ಚಕ್ರಗಳಿವೆ, ಅವುಗಳಿಗೆ ಸುಮಾರು ನೂರು ಮಿಲಿಯಷ್ಟು ಗೇರ್ ಆಯಿಲ್ ಬೇಕು. ಅಲ್ಲಿನ ರಬ್ಬರ್ ಸೀಲ್ ಸವೆದರೆ ಎಣ್ಣೆ ಜಿನುಗಿ ಹಿಂದಿನ ಬ್ರೇಕ್ ಡ್ರಮ್ಮಿಗೆ ಇಳಿಯುತ್ತದೆ. ಬ್ರೇಕ್ ಶೂಗೆ ಎಣ್ಣೆ ತಾಗಿತೆಂದರೆ ಲಿವರ್ ಎಷ್ಟು ಅದುಮಿದರೂ ಹಿಡಿಯುವುದಿಲ್ಲ. ಎಂಜಿನ್ ನಿರ್ವಹಣೆ ಬೇರೆ, ಸುರಕ್ಷತೆ ಬೇರೆ ಎನ್ನುವವರು ಈ ಒಂದು ಸೀಲನ್ನು ನೆನಪಿಟ್ಟುಕೊಂಡರೆ ಸಾಕು. ಹಿಂದಿನ ಚಕ್ರದ ಒಳಬದಿಯಲ್ಲಿ, ಟೈರಿನ ಅಂಚಿನಲ್ಲಿ ಜಿಡ್ಡಿನ ಮೇಲೆ ಧೂಳು ಕೂತು ಕಪ್ಪಗಾಗಿದ್ದರೆ ಅಂದೇ ಮೆಕ್ಯಾನಿಕ್ ಹತ್ತಿರ ಹೋಗಬೇಕು. ಒರೆಸಿ ಬಿಟ್ಟರೆ ಆಗುವುದಿಲ್ಲ.

ಎಡಗಡೆಯ ಉದ್ದನೆಯ ಪೆಟ್ಟಿಗೆಯೊಳಗೆ ಇರುವುದು ಬೆಲ್ಟು. ವೇಗ ಹೆಚ್ಚಿದಂತೆ ರೋಲರುಗಳು ಹೊರಕ್ಕೆ ಸರಿದು, ರಾಟೆಯ ಮೇಲೆ ಬೆಲ್ಟ್ ಸುತ್ತುವ ವೃತ್ತದ ಅಳತೆಯನ್ನು ಬದಲಾಯಿಸುತ್ತವೆ. ಗೇರ್ ಬದಲಾಯಿಸುವ ಕೆಲಸ ಹೀಗೆ ತಾನಾಗಿ ನಡೆಯುತ್ತದೆ. ಬೆಲ್ಟ್ ರಬ್ಬರಿನದು, ಸವೆಯುತ್ತದೆ, ಬಿರುಕು ಬಿಡುತ್ತದೆ. ಕೆಲವು ಕೈಪಿಡಿಗಳು 24,000 ಕಿಲೋಮೀಟರಿಗೆ ಬದಲಾಯಿಸಿ ಎನ್ನುತ್ತವೆ. ಹೊರಡುವಾಗ ಗಾಡಿ ನಡುಗುವುದು, ಎಂಜಿನ್ ಸದ್ದು ಏರಿದಷ್ಟು ವೇಗ ಏರದಿರುವುದು ಇದರ ಸೂಚನೆ. ಲಾರಿಯನ್ನು ಹಿಂದಿಕ್ಕಲು ಬಲಕ್ಕೆ ಬಂದಾಗ ಬೆಲ್ಟ್ ಕಿತ್ತುಹೋದರೆ ಏನಾಗುತ್ತದೆ ಎಂದು ನಾನು ವಿವರಿಸಬೇಕಾಗಿಲ್ಲ. ಈ ಬೆಲ್ಟ್ ಮತ್ತು ಕ್ಲಚ್ಚಿನ ಏರ್ಪಾಡಿಗೆ ಇನ್ನೊಂದು ಗುಣವಿದೆ, ಅದು ಮಲೆನಾಡಿನವರಿಗೂ ಕರಾವಳಿಗೆ ಇಳಿಯುವವರಿಗೂ ಗೊತ್ತಿರಬೇಕು. ಗೇರಿನ ಗಾಡಿಯನ್ನು ಎರಡನೇ ಗೇರಿನಲ್ಲಿ ಇಳಿಸಿದರೆ ಎಂಜಿನ್ನೇ ಅದನ್ನು ಹಿಂದಕ್ಕೆ ಹಿಡಿದಿರುತ್ತದೆ. ಗೇರಿಲ್ಲದ ಗಾಡಿಯಲ್ಲಿ ಆ ಹಿಡಿತ ಮೊದಲೇ ಕಡಿಮೆ. ಆಕ್ಸಿಲರೇಟರ್ ಬಿಟ್ಟು ವೇಗ ತಗ್ಗಿದ ಮೇಲೆ ಕ್ಲಚ್ಚು ತಾನಾಗಿ ಬಿಟ್ಟುಕೊಂಡು ಅಷ್ಟೂ ಇಲ್ಲವಾಗುತ್ತದೆ. ಆಗುಂಬೆ, ಚಾರ್ಮಾಡಿ, ಶಿರಾಡಿ ಘಾಟಿಗಳನ್ನು ಇಳಿಯುವಾಗ ಭಾರವೆಲ್ಲ ಬ್ರೇಕಿನ ಮೇಲೆ. ಇಳಿಜಾರಿನುದ್ದಕ್ಕೂ ಬ್ರೇಕನ್ನು ಹಿಡಿದೇ ಇದ್ದರೆ ಡ್ರಮ್ ಕಾದು ಹಿಡಿತ ಸಡಿಲವಾಗುತ್ತದೆ. ಬಿಟ್ಟು ಬಿಟ್ಟು ಹಿಡಿಯಬೇಕು, ಮೊದಲಿನಿಂದಲೇ ನಿಧಾನ ಇರಬೇಕು, ಸುಟ್ಟ ವಾಸನೆ ಬಂದರೆ ನಿಲ್ಲಿಸಿ ಆರಲು ಬಿಡಬೇಕು. ಪೆಟ್ರೋಲ್ ಉಳಿಯುತ್ತದೆಂದು ಕೀ ಆರಿಸಿ ಗಾಡಿ ಉರುಳಲು ಬಿಡುವವರಿದ್ದಾರೆ. ಕೀ ಆರಿದರೆ ಹಾರನ್, ಇಂಡಿಕೇಟರ್, ಬ್ರೇಕ್ ದೀಪ ಎಲ್ಲವೂ ಆರುತ್ತವೆ. ಘಾಟಿಯ ತಿರುವಿನಲ್ಲಿ ಹಾರನ್ ಇಲ್ಲದಿದ್ದರೆ ತೆರಬೇಕಾದ ಬೆಲೆ ಒಂದು ಲೋಟ ಪೆಟ್ರೋಲಿಗಿಂತ ಹೆಚ್ಚು.

ಬ್ರೇಕಿನ ಬಗ್ಗೆ ನಮ್ಮಲ್ಲಿ ಬೇರೂರಿರುವ ನಂಬಿಕೆ ಒಂದಿದೆ: ಮುಂದಿನ ಬ್ರೇಕ್ ಹಿಡಿದರೆ ಪಲ್ಟಿ ಹೊಡೆಯುತ್ತೇವೆ, ಅದಕ್ಕೇ ಹಿಂದಿನದನ್ನು ಮಾತ್ರ ಹಿಡಿಯಬೇಕು. ಮರಳಿನ ಮೇಲೆ, ತಿರುವಿನಲ್ಲಿ, ಒಮ್ಮೆಲೇ ಬಿಗಿಯಾಗಿ ಹಿಡಿದರೆ ಅದು ನಿಜ. ನೇರ ರಸ್ತೆಯಲ್ಲಿ ನಿಜವಲ್ಲ. ಗಾಡಿ ವೇಗ ತಗ್ಗಿಸುವಾಗ ಭಾರ ಮುಂದಿನ ಚಕ್ರಕ್ಕೆ ಸರಿಯುತ್ತದೆ, ಹಿಂದಿನ ಚಕ್ರ ಹಗುರವಾಗುತ್ತದೆ. ಹಗುರವಾದ ಚಕ್ರವನ್ನು ಎಷ್ಟು ಹಿಡಿದರೂ ಅದು ತಿರುಗುವುದು ನಿಂತು ಜಾರುತ್ತದೆಯೇ ಹೊರತು ಗಾಡಿಯನ್ನು ನಿಲ್ಲಿಸುವುದಿಲ್ಲ. 2019ರ ಏಪ್ರಿಲ್‌ನಿಂದ 125 ಸಿಸಿವರೆಗಿನ ಎಲ್ಲ ಹೊಸ ದ್ವಿಚಕ್ರ ವಾಹನಗಳಲ್ಲೂ ಕಾಂಬಿ ಬ್ರೇಕ್, ಇಲ್ಲವೇ ಚಕ್ರ ಜಾಮ್ ಆಗದಂತೆ ತಡೆಯುವ ಎಬಿಎಸ್ ಕಡ್ಡಾಯವಾಯಿತು. ಕಾಂಬಿ ಬ್ರೇಕ್ ಇರುವ ಸ್ಕೂಟರಿನಲ್ಲಿ ಎಡಗೈಯ ಲಿವರ್ ಹಿಡಿದರೆ ಮುಂದಿನ ಚಕ್ರಕ್ಕೂ ಸ್ವಲ್ಪ ಬ್ರೇಕ್ ಹೋಗುತ್ತದೆ. ಹಾಗಾದರೆ ಇನ್ನೇನು ಚಿಂತೆ ಎನ್ನಬಹುದು. ಈ ವ್ಯವಸ್ಥೆ ಕೆಲಸ ಮಾಡುವುದು ಕೇಬಲ್ಲು ಸರಿಯಾಗಿ ಬಿಗಿಯಾಗಿದ್ದರೆ ಮಾತ್ರ. ಲಿವರಿನ ತುದಿ ಒಂದರಿಂದ ಎರಡು ಸೆಂಟಿಮೀಟರ್ ಸಡಿಲವಾಗಿ ಆಡಿ ಆಮೇಲೆ ಹಿಡಿಯಬೇಕು. ಹ್ಯಾಂಡಲ್ಲಿಗೆ ತಾಗುವವರೆಗೂ ಹೋಗುತ್ತಿದ್ದರೆ ಯಾವ ವ್ಯವಸ್ಥೆಯೂ ನೆರವಿಗೆ ಬರುವುದಿಲ್ಲ. ಡ್ರಮ್ಮಿನ ಹೊರಗೆ ಬ್ರೇಕಿನ ತೋಳಿನ ಬುಡದಲ್ಲಿ ಸಣ್ಣ ಬಾಣದ ಗುರುತಿರುತ್ತದೆ. ಬ್ರೇಕ್ ಪೂರ್ತಿ ಹಿಡಿದಾಗ ಆ ಬಾಣ ಪಕ್ಕದ ಗುರುತಿಗೆ ಬಂದು ಸೇರಿದರೆ ಶೂ ಸವೆದಿದೆ ಎಂದರ್ಥ. ಅದನ್ನು ಓದಲು ಮೆಕ್ಯಾನಿಕ್ ಬೇಕಿಲ್ಲ.

ವೇಗದ ಲೆಕ್ಕವನ್ನೂ ಸ್ವಲ್ಪ ಮಾಡೋಣ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಗಾಡಿ ಸೆಕೆಂಡಿಗೆ 11 ಮೀಟರ್ ಹೋಗುತ್ತದೆ. ಎದುರಿಗೆ ನಾಯಿ ಅಡ್ಡ ಬಂತು, ಅದನ್ನು ಕಂಡು ಕೈ ಬ್ರೇಕಿಗೆ ಹೋಗಲು ಒಂದು ಸೆಕೆಂಡ್ ಎಂದಿಟ್ಟುಕೊಳ್ಳಿ. 11 ಮೀಟರ್ ಹಾಗೇ ಹೋಯಿತು. ಒಣ ರಸ್ತೆಯಲ್ಲಿ ಎರಡೂ ಬ್ರೇಕನ್ನು ಸಾಧಾರಣ ಬಿಗಿಯಾಗಿ ಹಿಡಿದರೆ ನಿಲ್ಲಲು ಇನ್ನೊಂದು 12 ಮೀಟರ್. ಒಟ್ಟು 23. ಅದೇ ಗಾಡಿ 60ರ ವೇಗದಲ್ಲಿದ್ದರೆ ಬ್ರೇಕ್ ಹಿಡಿಯುವ ಮೊದಲೇ 17 ಮೀಟರ್, ಆಮೇಲೆ 28 ಮೀಟರ್, ಒಟ್ಟು 45. ವೇಗ ಒಂದೂವರೆ ಪಟ್ಟು, ದೂರ ಸುಮಾರು ಎರಡು ಪಟ್ಟು. ಇನ್ನೂ ಗಾಬರಿಯ ಸಂಗತಿ ಬೇರೆ ಇದೆ: 40ರ ಗಾಡಿ ಪೂರ್ತಿ ನಿಂತ ಆ 23ನೇ ಮೀಟರಿನಲ್ಲಿ 60ರ ಗಾಡಿ ಇನ್ನೂ 50ಕ್ಕಿಂತ ಹೆಚ್ಚಿನ ವೇಗದಲ್ಲಿರುತ್ತದೆ. 10 ಕಿಲೋಮೀಟರ್ ದಾರಿಯಲ್ಲಿ 40ರ ಬದಲು 60ರಲ್ಲಿ ಹೋದರೆ ಉಳಿಯುವುದು ಐದು ನಿಮಿಷ, ಅದೂ ನಡುವೆ ಒಂದೂ ಸಿಗ್ನಲ್ ಇಲ್ಲದಿದ್ದರೆ.

"ನಾನು ನಿಧಾನವಾಗಿಯೇ ಹೋಗುತ್ತೇನೆ, ಇಲ್ಲೇ ಹತ್ತಿರಕ್ಕೆ, ನನಗೇಕೆ ಹೆಲ್ಮೆಟ್?" ಎನ್ನುವುದು ಮುಂದಿನ ಪ್ರಶ್ನೆ. 40ರ ವೇಗದಲ್ಲಿ ಹೋಗಿ ಡಿಕ್ಕಿ ಹೊಡೆಯುವುದೆಂದರೆ ಆರು ಮೀಟರಿಗಿಂತ ಎತ್ತರದಿಂದ, ಎಂದರೆ ಎರಡಂತಸ್ತಿನ ಮನೆಯ ತಾರಸಿಯಿಂದ ಬಿದ್ದಷ್ಟೇ ಪೆಟ್ಟು. ನಿಧಾನ ಎಂದು ನಾವು ಕರೆಯುವ ವೇಗ ಇದು. ಕೇಂದ್ರ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅವರಲ್ಲಿ ನೂರಕ್ಕೆ 44ಕ್ಕಿಂತ ಹೆಚ್ಚು ದ್ವಿಚಕ್ರ ವಾಹನದವರು. ಹೆಲ್ಮೆಟ್ ಹಾಕದೆ ಸತ್ತವರು 50,029; ಇದರಲ್ಲಿ 14,337 ಮಂದಿ ಹಿಂಬದಿ ಕೂತವರು. ಈ ಅಂಕಿಯಿಂದಲೇ ಹೆಲ್ಮೆಟ್ ಹಾಕಿದ್ದರೆ ಅಷ್ಟೂ ಜನ ಬದುಕುತ್ತಿದ್ದರು ಎನ್ನಲಾಗದು, ಹಾಗೆ ಹೇಳುವುದು ಅತಿರೇಕ. ಹೆಲ್ಮೆಟ್ ಎಷ್ಟು ಉಳಿಸುತ್ತದೆ ಎಂಬುದಕ್ಕೆ ಬೇರೆ ಸಾಕ್ಷ್ಯ ಇದೆ. ಬೇರೆ ಬೇರೆ ದೇಶಗಳ 61 ಅಧ್ಯಯನಗಳನ್ನು ಒಟ್ಟುಗೂಡಿಸಿ 2008ರಲ್ಲಿ ಪ್ರಕಟವಾದ ಕಾಕ್ರೇನ್ ಪರಾಮರ್ಶೆ, ಹೆಲ್ಮೆಟ್ ಸಾವಿನ ಸಂಭವವನ್ನು ನೂರಕ್ಕೆ 42ರಷ್ಟು, ತಲೆಯ ಗಾಯದ ಸಂಭವವನ್ನು 69ರಷ್ಟು ತಗ್ಗಿಸುತ್ತದೆ ಎಂದಿತು. ಆದರೆ ಅದು ತಲೆಯ ಮೇಲೆ ಇದ್ದರೆ, ಪಟ್ಟಿ ಬಿಗಿದಿದ್ದರೆ. ಪೊಲೀಸರು ಕಾಣುವಾಗ ಏರಿಸಿ, ಅವರು ಮರೆಯಾದೊಡನೆ ಕನ್ನಡಿಗೆ ತಗುಲಿ ಹಾಕುವ ಹೆಲ್ಮೆಟ್ಟು, ಕಿವಿಯ ಮೇಲೆಯೇ ನಿಂತುಬಿಡುವ ಅರ್ಧ ಟೊಪ್ಪಿಗೆ, ರಸ್ತೆ ಬದಿ ಮಾರುವ ಪ್ಲಾಸ್ಟಿಕ್ ಚಿಪ್ಪು ಇವು ದಂಡ ತಪ್ಪಿಸಬಹುದೇನೋ, ತಲೆಯನ್ನು ಉಳಿಸುವುದಿಲ್ಲ. ಐಎಸ್‌ಐ ಗುರುತು, ಅದರ ಮೇಲ್ಗಡೆ 4151 ಎಂಬ ಸಂಖ್ಯೆ ನೋಡಿ ಕೊಳ್ಳಿ. ಕರ್ನಾಟಕದಲ್ಲಿ ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯವಾಗಿ ಜಾರಿಗೆ ಬಂದದ್ದು 2016ರ ಜನವರಿಯಲ್ಲಿ. ಇಷ್ಟು ವರ್ಷದ ಮೇಲೂ ಸಣ್ಣ ಊರುಗಳಲ್ಲಿ ಮುಂದೆ ಕೂತ ಗಂಡನ ತಲೆಗೆ ಹೆಲ್ಮೆಟ್, ಹಿಂದೆ ಕೂತ ಹೆಂಡತಿಯ ತಲೆಗೆ ಸೆರಗು. ಒಂಬತ್ತು ತಿಂಗಳಿಂದ ನಾಲ್ಕು ವರ್ಷದವರೆಗಿನ ಮಕ್ಕಳಿಗೆ ಸುರಕ್ಷಾ ಪಟ್ಟಿಯೂ ಹೆಲ್ಮೆಟ್ಟೂ ಇರಬೇಕು, ಗಾಡಿಯ ವೇಗ 40 ದಾಟಬಾರದು ಎಂಬ ನಿಯಮ 2023ರ ಫೆಬ್ರವರಿಯಿಂದ ಇದೆ. ನಾವು ಮಾಡುವುದು ಮಗುವನ್ನು ಮುಂದೆ, ಹ್ಯಾಂಡಲ್ ಹಿಡಿಸಿ ನಿಲ್ಲಿಸುವುದು. ಡಿಕ್ಕಿಯಾದರೆ ಎಲ್ಲರಿಗಿಂತ ಮೊದಲು ಪೆಟ್ಟು ತಿನ್ನುವ ಜಾಗ ಅದು.

"ನೀವು ಸವಾರರಿಗೇ ಬುದ್ಧಿ ಹೇಳುತ್ತೀರಿ, ರಸ್ತೆಯ ಗುಂಡಿಗಳಿಗೆ ಯಾರು ಹೊಣೆ?" ಎಂಬುದು ಇವೆಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ. ಇದನ್ನು ತಳ್ಳಿಹಾಕುವಂತಿಲ್ಲ. ಸರಕಾರಿ ವರದಿಗಳಲ್ಲಿ ಬಹುಪಾಲು ಅಪಘಾತಕ್ಕೆ ಅತಿವೇಗ ಕಾರಣ ಎಂದು ಬರೆದಿರುತ್ತದೆ. ಅದು ಅಪಘಾತವಾದ ಮೇಲೆ ಪೊಲೀಸರು ಬರೆದುಕೊಂಡ ಕಾರಣ. ಗುರುತಿಲ್ಲದ ಉಬ್ಬು, ಅಗೆದು ಮುಚ್ಚದೆ ಬಿಟ್ಟ ರಸ್ತೆ, ಉರಿಯದ ಬೀದಿದೀಪಗಳ ಪಾಲು ಅದರಲ್ಲಿ ಪೂರ್ತಿ ದಾಖಲಾಗುತ್ತದೆ ಎಂದು ನಾನು ನಂಬುವುದಿಲ್ಲ. ರಸ್ತೆ ಮಾಡುವವರನ್ನು ಹೊಣೆ ಮಾಡುವುದು ನಾಗರಿಕರ ಕೆಲಸ, ಮಾಡಲೇಬೇಕು. ಆದರೆ ಸ್ಕೂಟರ್ ಸವಾರರಿಗೆ ಇಲ್ಲಿ ಒಂದು ವಿಶೇಷ ತೊಂದರೆ ಇದೆ. ಬೈಕಿನ ಚಕ್ರ 17, 18 ಇಂಚಿನದು. ಹೆಚ್ಚಿನ ಸ್ಕೂಟರುಗಳದು 10, ಇಲ್ಲವೇ 12. ದೊಡ್ಡ ಚಕ್ರ ದಾಟಿಕೊಂಡು ಹೋಗುವ ಗುಂಡಿಗೆ ಚಿಕ್ಕ ಚಕ್ರ ಇಳಿದುಬಿಡುತ್ತದೆ. ಬೈಕಿನವನು ಹೋದ ಜಾಗದಲ್ಲಿ ಹೋಗಬಹುದು ಎಂಬ ಲೆಕ್ಕ ಸ್ಕೂಟರಿಗೆ ಹೊಂದುವುದಿಲ್ಲ. ಸುಗ್ಗಿಯ ಕಾಲದಲ್ಲಿ ಹಳೇ ಮೈಸೂರಿನ ಕಡೆ, ಬಯಲುಸೀಮೆಯಲ್ಲಿ ರಾಗಿ, ಹುರುಳಿಯನ್ನು ಒಕ್ಕಣೆಗೆಂದು ರಸ್ತೆಗೇ ಹರಡುತ್ತಾರೆ. ಹುರುಳಿಯ ಒಣ ಬಳ್ಳಿ ಚಿಕ್ಕ ಚಕ್ರಕ್ಕೆ ಸುತ್ತಿಕೊಳ್ಳುತ್ತದೆ, ಕೆಳಗಿನ ಕಾಳು ಜಾರಿಸುತ್ತದೆ. ಅಲ್ಲಿ ಬ್ರೇಕ್ ಹಿಡಿದವರು ಬೀಳುತ್ತಾರೆ. ಮೊದಲೇ ವೇಗ ತಗ್ಗಿಸಿ, ಹ್ಯಾಂಡಲ್ ನೇರವಾಗಿಟ್ಟು ದಾಟಿದವರು ಉಳಿಯುತ್ತಾರೆ. ಮೊದಲ ಮಳೆ ಬಿದ್ದ ಹೊತ್ತಿನಲ್ಲೂ ಹೀಗೆಯೇ; ತಿಂಗಳುಗಟ್ಟಲೆ ಕೂತ ಎಣ್ಣೆ, ಧೂಳು ನೀರಿಗೆ ಎದ್ದು ರಸ್ತೆ ಜಾರುತ್ತದೆ. ರಸ್ತೆ ಕೆಟ್ಟಿದೆ ಎನ್ನುವುದು ಗಾಡಿಯನ್ನು ಹೆಚ್ಚು ಗಮನಿಸಲು ಕಾರಣವಾಗಬೇಕು. ಕೆಟ್ಟ ರಸ್ತೆಯಲ್ಲಿ ಸವೆದ ಟೈರಿಗೆ ಕ್ಷಮೆ ಇಲ್ಲ. ಟೈರಿನ ಗಾಳಿಯನ್ನು ವಾರಕ್ಕೊಮ್ಮೆ, ಗಾಡಿ ತಣ್ಣಗಿರುವಾಗ ನೋಡಿಸಿ. ಹಲವು ಸ್ಕೂಟರುಗಳಿಗೆ ಮುಂದೆ 22, ಹಿಂದೆ 29 ಪೌಂಡ್, ಇಬ್ಬರು ಕೂರುವುದಾದರೆ ಹಿಂದೆ 36. ನಿಮ್ಮ ಗಾಡಿಯದು ಕೈಪಿಡಿಯಲ್ಲಿದೆ. ಪಂಕ್ಚರ್ ಅಂಗಡಿಯಲ್ಲಿ ಎರಡಕ್ಕೂ ಒಂದೇ ಅಳತೆ ತುಂಬಿದರೆ ಬೇಡವೆನ್ನಿ.

ಮಳೆಗಾಲದ ಇನ್ನೊಂದು ಮಾತು. ನೀರು ನಿಂತ ಅಂಡರ್‌ಪಾಸಿನಲ್ಲಿ ಗಾಡಿ ಕೆಟ್ಟು ನಿಂತರೆ ಮತ್ತೆ ಮತ್ತೆ ಸೆಲ್ಫ್ ಒತ್ತಬೇಡಿ. ಏರ್ ಫಿಲ್ಟರ್ ದಾಟಿ ಸಿಲಿಂಡರಿಗೆ ನೀರು ಹೋಗಿದ್ದರೆ ಪಿಸ್ಟನ್ ಅದನ್ನು ಗಾಳಿಯಂತೆ ಅದುಮಲಾರದು. ಕನೆಕ್ಟಿಂಗ್ ರಾಡ್ ಬಾಗುತ್ತದೆ. ತಳ್ಳಿಕೊಂಡು ಹೊರಗೆ ತಂದು, ಮೆಕ್ಯಾನಿಕ್ ಪ್ಲಗ್ ಬಿಚ್ಚಿ ನೋಡುವವರೆಗೆ ಮುಟ್ಟದಿದ್ದರೆ ಸಣ್ಣ ಖರ್ಚಿನಲ್ಲಿ ಮುಗಿಯುತ್ತದೆ. ಏರ್ ಫಿಲ್ಟರ್ ಬಗ್ಗೆಯೂ ತಪ್ಪು ತಿಳಿವಳಿಕೆ ಇದೆ. ಈಗಿನ ಬಹಳಷ್ಟು ಗಾಡಿಗಳಲ್ಲಿ ಅದು ಎಣ್ಣೆ ಹೀರಿದ ಕಾಗದದ್ದು, ಅದನ್ನು ಗಾಳಿ ಹೊಡೆದು ಸ್ವಚ್ಛ ಮಾಡುವಂತಿಲ್ಲ, ಬದಲಾಯಿಸಬೇಕು. ವಾಟರ್ ಸರ್ವಿಸ್ ಮಾಡಿಸುವಾಗ ಪಿಚಕಾರಿಯ ನೀರು ನೇರವಾಗಿ ಫಿಲ್ಟರ್ ಪೆಟ್ಟಿಗೆಗೆ, ಸೈಲೆನ್ಸರ್ ಬಾಯಿಗೆ, ಬ್ರೇಕ್ ಡ್ರಮ್ಮಿಗೆ ಬೀಳದಂತೆ ಹೇಳಿ. ತೊಳೆದ ಗಾಡಿಯನ್ನು ತಂದ ಕೂಡಲೇ ನಿಧಾನವಾಗಿ ಓಡಿಸುತ್ತ ನಾಲ್ಕು ಸಲ ಬ್ರೇಕ್ ಹಿಡಿದು ಒಣಗಿಸಿಕೊಳ್ಳಬೇಕು.

"ಇದಕ್ಕೆಲ್ಲ ಸರ್ವಿಸ್ ಸೆಂಟರ್ ಇದೆಯಲ್ಲ" ಎಂಬ ಉತ್ತರ ಸಿದ್ಧವಾಗಿರುತ್ತದೆ. ಇದೆ, ಹೋಗಲೇಬೇಕು. ಆದರೆ ಎರಡು ಸರ್ವಿಸ್‌ಗಳ ನಡುವೆ ನಾಲ್ಕೋ ಆರೋ ತಿಂಗಳ ಅಂತರ ಇರುತ್ತದೆ, ಟೈರಿನ ಗಾಳಿ ಅಷ್ಟು ದಿನ ಕಾಯುವುದಿಲ್ಲ. ಅಲ್ಲಿನವರು ಗಾಡಿಯನ್ನು ಅರ್ಧ ದಿನ ನೋಡುತ್ತಾರೆ, ನೀವು ದಿನವೂ ಕೂರುತ್ತೀರಿ. ಹೊಸ ಸದ್ದು, ಹೊಸ ನಡುಕ, ಲಿವರಿನ ಸಡಿಲ ಮೊದಲು ತಿಳಿಯುವುದು ನಿಮಗೆ. ಏನು ಹೇಳಬೇಕೆಂದು ಗೊತ್ತಿಲ್ಲದವರ ಗಾಡಿಗೆ ತೊಳೆದು ಎಣ್ಣೆ ಬದಲಾಯಿಸಿದ ಸರ್ವಿಸ್ ಸಿಗುತ್ತದೆ. "ಹಿಂದಿನ ಬ್ರೇಕ್ ಬಾಣ ಗುರುತಿಗೆ ಬಂದಿದೆ, ಶೂ ನೋಡಿ" ಎಂದವರ ಗಾಡಿಗೆ ಬ್ರೇಕ್ ರಿಪೇರಿಯಾಗುತ್ತದೆ. ಹೆಣ್ಣುಮಕ್ಕಳಿಗೆ ಇದೆಲ್ಲ ತಿಳಿಯದು ಎಂದು ಗ್ಯಾರೇಜಿನವರು ಭಾವಿಸುವುದು ಸಾಮಾನ್ಯ. ಎಣ್ಣೆಯ ದರ್ಜೆ ಯಾವುದು ಹಾಕುತ್ತೀರಿ ಎಂದು ಒಮ್ಮೆ ಕೇಳಿದರೆ ಆ ಭಾವನೆ ಅಲ್ಲೇ ಇಳಿಯುತ್ತದೆ.

ಭಾನುವಾರ ಬೆಳಿಗ್ಗೆ ಹದಿನೈದು ನಿಮಿಷ ಸಾಕು: ಎಣ್ಣೆಯ ಕಡ್ಡಿ, ಎರಡು ಟೈರು, ಎರಡು ಲಿವರು, ಹಿಂಚಕ್ರದ ಒಳಬದಿ, ದೀಪ, ಹಾರನ್. ಗಾಡಿ ಕೊಳ್ಳುವಾಗ ಕೊಟ್ಟ ಕೈಪಿಡಿ ಬಹುಶಃ ಇನ್ನೂ ಸೀಟಿನ ಕೆಳಗೆ ಪ್ಲಾಸ್ಟಿಕ್ ಚೀಲದಲ್ಲೇ ಇದೆ. ಅದನ್ನು ತೆಗೆದು, ನಿಮ್ಮ ಗಾಡಿಗೆ ಯಾವ ಎಣ್ಣೆ, ಎಷ್ಟು ಗಾಳಿ ಎಂಬ ಎರಡು ಪುಟಗಳನ್ನಾದರೂ ಈ ವಾರ ಓದಿ. ಮನೆಯಲ್ಲಿ ಆ ಗಾಡಿ ಓಡಿಸುವ ಇನ್ನೊಬ್ಬರಿಗೂ ಓದಿ ಹೇಳಿ.